ಜಾತಿ ಪ್ರಮಾಣಪತ್ರದ ನೈಜತೆ ಪರಿಶೀಲನೆ (ಕರ್ನಾಟಕ)

ಜಾತಿ ಪ್ರಮಾಣಪತ್ರದ ನೈಜತೆ ಪರಿಶೀಲನೆ ಎಂಬುದು ತಾನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದವನೆಂದು ವ್ಯಕ್ತಿಯೊಬ್ಬನು ಮಾಡುವ ಹಕ್ಕೊತ್ತಾಯವನ್ನು ದಾಖಲೆ, ವಂಶಾವಳಿ ಹಾಗೂ ಸ್ಥಳ ತನಿಖೆಯ ಮೂಲಕ ಪರೀಕ್ಷಿಸುವ ಕಾನೂನುಬದ್ಧ ಕ್ರಮವಾಗಿದೆ. ಶಿಕ್ಷಣ, ಸರ್ಕಾರಿ ಉದ್ಯೋಗ, ಶಾಸನಸಭೆಗಳ ಮೀಸಲು ಸ್ಥಾನ ಹಾಗೂ ಅರಣ್ಯ ಹಕ್ಕುಗಳು ಈ ಗುರುತನ್ನು ಅವಲಂಬಿಸಿರುವುದರಿಂದ ಸುಳ್ಳು ಹಕ್ಕೊತ್ತಾಯವು ನಿಜವಾದ ಸಮುದಾಯದ ಪಾಲನ್ನು ಕಸಿಯುತ್ತದೆ. ಮತ್ತೊಂದೆಡೆ, ಅತಿಯಾದ ದಾಖಲೆ ಬೇಡಿಕೆಯು ಓದುಬರಹ ಹಾಗೂ ಆಸ್ತಿಯಿಲ್ಲದ ಬುಡಕಟ್ಟು ಕುಟುಂಬಗಳನ್ನೇ ಹೊರಗಿಡಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಇರುಳಿಗ ಸಮುದಾಯದ ಸ್ಥಿತಿಯು ಈ ಎರಡನೆಯ ಸಮಸ್ಯೆಯನ್ನು ಅರಿಯಲು ನೆರವಾಗುತ್ತದೆ.

ಹಿನ್ನೆಲೆ

ಭಾರತದ ಸಂವಿಧಾನದ 341ನೆಯ ವಿಧಿಯು ಪರಿಶಿಷ್ಟ ಜಾತಿಗಳನ್ನೂ 342ನೆಯ ವಿಧಿಯು ಪರಿಶಿಷ್ಟ ಪಂಗಡಗಳನ್ನೂ ರಾಜ್ಯವಾರು ಅಧಿಸೂಚಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ನೀಡುತ್ತವೆ. ಮೊದಲ ಆದೇಶಗಳು 1950ರಲ್ಲಿ ಹೊರಬಂದವು. ಒಮ್ಮೆ ಪ್ರಕಟವಾದ ಪಟ್ಟಿಗೆ ಹೆಸರನ್ನು ಸೇರಿಸುವ ಅಥವಾ ಅದರಿಂದ ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ರಾಜ್ಯ ಸರ್ಕಾರವಾಗಲಿ, ನ್ಯಾಯಾಲಯವಾಗಲಿ, ಜಾತಿ ಸಂಘವಾಗಲಿ ಪಟ್ಟಿಯನ್ನು ಬದಲಿಸುವಂತಿಲ್ಲ.

ಪಂಗಡವೊಂದನ್ನು ಪಟ್ಟಿಗೆ ಸೇರಿಸುವಾಗ 1965ರ ಲೋಕೂರ್ ಸಮಿತಿಯು ಸೂಚಿಸಿದ ಮಾನದಂಡಗಳನ್ನು ಇಂದಿಗೂ ಗಮನಿಸಲಾಗುತ್ತದೆ. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ ಮತ್ತು ಹಿಂದುಳಿದಿರುವಿಕೆ ಎಂಬ ಐದು ಅಂಶಗಳು ಇದರಲ್ಲಿವೆ. ಇವು ಇಡೀ ಸಮುದಾಯಕ್ಕೆ ಅನ್ವಯಿಸುವ ಮಾನದಂಡಗಳು. ಒಬ್ಬ ವ್ಯಕ್ತಿ ಆ ಸಮುದಾಯಕ್ಕೆ ಸೇರಿದವನೇ ಎಂಬುದು ಬೇರೆಯೇ ಪ್ರಶ್ನೆಯಾಗಿದ್ದು, ನೈಜತೆ ಪರಿಶೀಲನೆಯು ಆ ಪ್ರಶ್ನೆಗೆ ಸಂಬಂಧಿಸಿದೆ.

ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳಿಗೆ ಇದ್ದ ಶೇಕಡ 3ರ ಮೀಸಲಾತಿಯನ್ನು 2022ರಲ್ಲಿ ಶೇಕಡ 7ಕ್ಕೂ ಪರಿಶಿಷ್ಟ ಜಾತಿಗಳಿಗೆ ಇದ್ದ ಶೇಕಡ 15ನ್ನು ಶೇಕಡ 17ಕ್ಕೂ ಏರಿಸಲಾಯಿತು. ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗಳಿಗೂ 15 ಪರಿಶಿಷ್ಟ ಪಂಗಡಗಳಿಗೂ ಮೀಸಲಾಗಿವೆ.

ವಿವಾದಗಳು ಹುಟ್ಟುವ ಬಗೆ

ಪ್ರದೇಶ ನಿರ್ಬಂಧದ ತೆರವು

ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ರಾಜ್ಯದ ಪಟ್ಟಿಯಲ್ಲಿ ಅನೇಕ ಹೆಸರುಗಳು ಹಳೆಯ ಆಡಳಿತ ಪ್ರದೇಶಗಳಿಗಷ್ಟೇ ಸೀಮಿತವಾಗಿದ್ದವು. ಉದಾಹರಣೆಗೆ, 'ನಾಯ್ಕಡ, ನಾಯಕ' ಎಂಬ ನಮೂದು ಹಿಂದಿನ ಮುಂಬಯಿ ಪ್ರಾಂತ್ಯದಿಂದ ಬಂದ ಜಿಲ್ಲೆಗಳಿಗೆ ಅನ್ವಯವಾಗುತ್ತಿತ್ತು. 1976ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡ ಆದೇಶಗಳ (ತಿದ್ದುಪಡಿ) ಅಧಿನಿಯಮವು ಇಂತಹ ಬಹುಪಾಲು ನಿರ್ಬಂಧಗಳನ್ನು ತೆಗೆದುಹಾಕಿತು. ಇದು 1977ರಲ್ಲಿ ಜಾರಿಗೆ ಬಂದಿತು.

ಇದರ ಪರಿಣಾಮವು ಜನಗಣತಿಯಲ್ಲಿ ಕಾಣಿಸಿಕೊಂಡಿತು. 1971ರಲ್ಲಿ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 2.31 ಲಕ್ಷವಾಗಿತ್ತು; 1981ರಲ್ಲಿ ಅದು 18.25 ಲಕ್ಷಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಸುಮಾರು ಎಂಟು ಪಟ್ಟು ಏರಿಕೆಯನ್ನು ಜನನ ಪ್ರಮಾಣದಿಂದ ವಿವರಿಸಲಾಗದು. ನಿರ್ಬಂಧ ತೆರವಿನಿಂದ ಹೊಸದಾಗಿ ಅರ್ಹರಾದವರು ಒಂದು ಭಾಗವಾದರೆ, ಪಟ್ಟಿಯಲ್ಲಿನ ಹೆಸರನ್ನು ಹೋಲುವ ಹೆಸರುಳ್ಳ ಸಮುದಾಯಗಳ ಜನರು ತಮ್ಮನ್ನು ಅದೇ ಹೆಸರಿನಿಂದ ಬರೆಯಿಸಿಕೊಂಡದ್ದು ಇನ್ನೊಂದು ಭಾಗ. ಗಣತಿದಾರರು ಪ್ರಮಾಣಪತ್ರ ಕೇಳುವುದಿಲ್ಲ. ಮನೆಯವರು ಹೇಳಿದ್ದನ್ನು ದಾಖಲಿಸುತ್ತಾರೆ. ಆದ್ದರಿಂದ ಗಣತಿಯ ಅಂಕಿಯೊಂದೇ ಯಾರ ಪಂಗಡವನ್ನೂ ಸಾಬೀತುಪಡಿಸುವುದಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 42,48,987 ಮಂದಿ ಪರಿಶಿಷ್ಟ ಪಂಗಡದವರಿದ್ದರು.

ಹೆಸರಿನ ಸಾಮ್ಯ

ಹೆಚ್ಚಿನ ವಿವಾದಗಳು ಹೆಸರಿನ ಸಾಮ್ಯದಿಂದ ಹುಟ್ಟಿವೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಬೇಡ ಜಂಗಮ ಅಥವಾ ಬುಡ್ಗ ಜಂಗಮರು ಅಲೆಮಾರಿ ಭಿಕ್ಷುಕ ಹಾಗೂ ಕಥನಗಾಯಕ ಸಮುದಾಯ. ವೀರಶೈವ ಸಂಪ್ರದಾಯದ ಗುರುವರ್ಗವನ್ನೂ ಜಂಗಮರೆಂದೇ ಕರೆಯುವುದರಿಂದ ಈ ನಮೂದಿನಡಿ ಪ್ರಮಾಣಪತ್ರ ಪಡೆಯುವ ಪ್ರಯತ್ನಗಳು ದೀರ್ಘಕಾಲದಿಂದ ವಾದವಿವಾದಕ್ಕೆ ಕಾರಣವಾಗಿವೆ. ಕರಾವಳಿಯಲ್ಲಿ 'ಮೊಗೇರ' ಎಂಬ ಹೆಸರು ಪರಿಶಿಷ್ಟ ಜಾತಿಗೂ ಮೀನುಗಾರ ಸಮುದಾಯಕ್ಕೂ ಬಳಕೆಯಲ್ಲಿದೆ. ಕಲ್ಯಾಣ ಕರ್ನಾಟಕದಲ್ಲಿ ಗೊಂಡ, ರಾಜಗೊಂಡ ಎಂಬ ನಮೂದುಗಳನ್ನು ಕುರುಬ ಸಮುದಾಯದವರು ತಮಗೂ ಅನ್ವಯಿಸಬೇಕೆಂದು ಕೇಳುತ್ತಾ ಬಂದಿದ್ದಾರೆ. ಇಂತಹ ಬೇಡಿಕೆಗಳೆಲ್ಲ ವಂಚನೆಯಲ್ಲ. ಪಟ್ಟಿಗೆ ಸೇರಿಸಿರೆಂದು ಬಹಿರಂಗವಾಗಿ ಕೇಳುವುದು ರಾಜಕೀಯ ಹಕ್ಕು. ಸೇರುವ ಮೊದಲೇ ಸೇರಿದವರಂತೆ ಪ್ರಮಾಣಪತ್ರ ಪಡೆಯುವುದು ಅಪರಾಧ.

ಸಂಸತ್ತು ಕೆಲವು ಬೇಡಿಕೆಗಳನ್ನು ಒಪ್ಪಿದೆ. 1991ರಲ್ಲಿ ಬೇಡ, ಬೇಡರ್ ಮತ್ತು ವಾಲ್ಮೀಕಿ ಎಂಬ ಹೆಸರುಗಳನ್ನು ನಾಯಕ ನಮೂದಿಗೆ ಸೇರಿಸಲಾಯಿತು. 2020ರಲ್ಲಿ ಪರಿವಾರ ಮತ್ತು ತಳವಾರ ಹೆಸರುಗಳು ಅದೇ ನಮೂದಿಗೆ ಸೇರಿದವು. ಬೆಟ್ಟಕುರುಬ ಎಂಬುದನ್ನು ಕಾಡುಕುರುಬದ ಪರ್ಯಾಯ ನಾಮವಾಗಿ ಸೇರಿಸುವ ಮಸೂದೆಯನ್ನು ಸಂಸತ್ತು 2022ರಲ್ಲಿ ಅಂಗೀಕರಿಸಿತು.

ಸುತ್ತೋಲೆಗಳಿಂದಾದ ಗೊಂದಲ

ಎಲ್ಲ ತಪ್ಪು ಪ್ರಮಾಣಪತ್ರಗಳ ಹಿಂದೆಯೂ ವಂಚನೆ ಇರುವುದಿಲ್ಲ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರವು ಕೆಲವು ಜಾತಿಗಳನ್ನು ಪಟ್ಟಿಯಲ್ಲಿರುವ ಜಾತಿಗಳ ಪರ್ಯಾಯ ನಾಮಗಳೆಂದು ಸುತ್ತೋಲೆಯ ಮೂಲಕ ಪರಿಗಣಿಸಿತ್ತು. ತಹಶೀಲ್ದಾರರು ಅದರಂತೆಯೇ ಪ್ರಮಾಣಪತ್ರ ನೀಡಿದರು. ಹೀಗೆ ಮಾಡುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿದ ಮೇಲೆ 2002ರಲ್ಲಿ ಸುತ್ತೋಲೆಗಳನ್ನು ಹಿಂಪಡೆಯಲಾಯಿತು. ಆ ಪ್ರಮಾಣಪತ್ರಗಳ ಮೇಲೆ ನೌಕರಿಗೆ ಸೇರಿದವರನ್ನು ಮುಂದಕ್ಕೆ ಸಾಮಾನ್ಯ ವರ್ಗದವರೆಂದು ಪರಿಗಣಿಸಿ ಸೇವೆಯನ್ನು ರಕ್ಷಿಸಲು ಸರ್ಕಾರ 2003ರಲ್ಲಿ ಆದೇಶಿಸಿತು. ಕೆನರಾ ಬ್ಯಾಂಕ್ ಮೊದಲಾದ ಸಂಸ್ಥೆಗಳ ನೌಕರರ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು.

ಪ್ರಮುಖ ತೀರ್ಪುಗಳು

ಬಸವಲಿಂಗಪ್ಪ – ಮುನಿಚಿನ್ನಪ್ಪ ಪ್ರಕರಣ (1964)

ಈ ವಿಷಯದ ಆರಂಭಿಕ ತೀರ್ಪುಗಳಲ್ಲೊಂದು ಕರ್ನಾಟಕದ್ದೇ ಆಗಿದೆ. 1962ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಮೀಸಲು ಕ್ಷೇತ್ರದಿಂದ ಗೆದ್ದ ಡಿ. ಮುನಿಚಿನ್ನಪ್ಪ ಅವರು ತಾವು ಭೋವಿ ಜಾತಿಯವರೆಂದು ಘೋಷಿಸಿಕೊಂಡಿದ್ದರು. ಅವರು ಒಡ್ಡರೇ ಹೊರತು ಭೋವಿಗಳಲ್ಲವೆಂದು ಬಿ. ಬಸವಲಿಂಗಪ್ಪ ಅವರು ಪ್ರಶ್ನಿಸಿದರು. ಮೈಸೂರು ಸಂಸ್ಥಾನದಲ್ಲಿ ಒಡ್ಡ ಸಮುದಾಯದ ಕೋರಿಕೆಯ ಮೇರೆಗೆ 1946ರಲ್ಲಿ ಆ ಹೆಸರಿನ ಬದಲು ಭೋವಿ ಎಂಬ ಹೆಸರನ್ನು ಸರ್ಕಾರ ಒಪ್ಪಿಕೊಂಡಿತ್ತು. 1950ರ ಆದೇಶ ಹೊರಟಾಗ ಸಂಸ್ಥಾನದಲ್ಲಿ ಭೋವಿ ಎಂಬ ಬೇರೊಂದು ಜಾತಿ ಇರಲಿಲ್ಲ. ಆ ವಿಶೇಷ ಸನ್ನಿವೇಶದಲ್ಲಿ ಮಾತ್ರ ಸಾಕ್ಷ್ಯವನ್ನು ಪರಿಗಣಿಸಿ ಮುನಿಚಿನ್ನಪ್ಪ ಅವರ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು. ಸಾಮಾನ್ಯವಾಗಿ, ಪಟ್ಟಿಯಲ್ಲಿಲ್ಲದ ಜಾತಿಯು ಪಟ್ಟಿಯಲ್ಲಿರುವ ಜಾತಿಯ ಭಾಗವೆಂದು ಸಾಕ್ಷ್ಯ ನೀಡಿ ಆದೇಶವನ್ನು ತಿದ್ದುವಂತಿಲ್ಲವೆಂದೂ ಹೇಳಿತು.

ಕುಮಾರಿ ಮಾಧುರಿ ಪಾಟೀಲ್ ಪ್ರಕರಣ (1994)

ಮಹಾರಾಷ್ಟ್ರದಲ್ಲಿ ಮಹಾದೇವ ಕೋಳಿ ಪಂಗಡದ ಹೆಸರಿನಲ್ಲಿ ಪಡೆದ ಪ್ರಮಾಣಪತ್ರಕ್ಕೆ ಸಂಬಂಧಿಸಿದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ 15 ನಿರ್ದೇಶನಗಳನ್ನು ನೀಡಿತು. ಪ್ರತಿ ರಾಜ್ಯದಲ್ಲೂ ಪರಿಶೀಲನಾ ಸಮಿತಿ ಮತ್ತು ಜಾಗೃತ ದಳ ಇರಬೇಕು. ದಳದ ಅಧಿಕಾರಿಯು ಅರ್ಜಿದಾರರ ಮೂಲ ಊರಿಗೆ ಹೋಗಿ ಶಾಲಾ ದಾಖಲೆ, ಬಂಧುಗಳ ವಿವರ, ದೇವತೆ, ಮದುವೆ ಹಾಗೂ ಅಂತ್ಯಸಂಸ್ಕಾರದ ಪದ್ಧತಿಗಳನ್ನು ವಿಚಾರಿಸಬೇಕು. ಹಕ್ಕನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದೇ ಎಂಬುದು ಇದರ ತಿರುಳು. 2011ರ ದಯಾರಾಮ್ ಪ್ರಕರಣದಲ್ಲಿ ಈ ನಿರ್ದೇಶನಗಳ ಸಿಂಧುತ್ವವನ್ನು ಮತ್ತೆ ದೃಢಪಡಿಸಲಾಯಿತು.

ನಂತರದ ತೀರ್ಪುಗಳು

2000ದ ಮಿಲಿಂದ್ ಪ್ರಕರಣದಲ್ಲಿ ಸಂವಿಧಾನ ಪೀಠವು ಪಟ್ಟಿಯನ್ನು ಇದ್ದಂತೆಯೇ ಓದಬೇಕು, ಹಲಬ ಎಂಬ ನಮೂದಿನೊಳಗೆ ಹಲಬ-ಕೋಷ್ಟಿಗಳನ್ನು ಸೇರಿಸಲಾಗದು ಎಂದಿತು. 2017ರ ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ, ಪ್ರಮಾಣಪತ್ರ ಸುಳ್ಳೆಂದು ಸಾಬೀತಾದರೆ ದೀರ್ಘ ಸೇವೆಯ ಕಾರಣದಿಂದ ಉದ್ಯೋಗವನ್ನು ಉಳಿಸಿಕೊಡಲಾಗದು ಎಂದು ತೀರ್ಮಾನವಾಯಿತು. ಆಚಾರವಿಚಾರಗಳ ಹೋಲಿಕೆಯನ್ನು ನೋಡುವ 'ಸಾಮ್ಯ ಪರೀಕ್ಷೆ'ಯೇ ಅಂತಿಮ ಒರೆಗಲ್ಲಲ್ಲ ಎಂದು 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನಗರಕ್ಕೆ ಬಂದು ಎರಡು ತಲೆಮಾರು ಕಳೆದ ಬುಡಕಟ್ಟು ಕುಟುಂಬದ ಮಕ್ಕಳು ಹಳೆಯ ಆಚರಣೆಗಳನ್ನು ಅರಿಯದಿರಬಹುದು. ಅದರಿಂದ ಅವರ ಪಂಗಡ ಬದಲಾಗುವುದಿಲ್ಲ.

ಕರ್ನಾಟಕದ ಕಾನೂನು ಮತ್ತು ವಿಧಾನ

ರಾಜ್ಯದಲ್ಲಿ ಈ ವಿಷಯವನ್ನು 1990ರ ಕರ್ನಾಟಕ ಅನುಸೂಚಿತ ಜಾತಿ, ಅನುಸೂಚಿತ ಬುಡಕಟ್ಟು ಮತ್ತು ಇತರ ಹಿಂದುಳಿದ ವರ್ಗಗಳ (ನೇಮಕಾತಿ ಮುಂತಾದವುಗಳ ಮೀಸಲಾತಿ) ಅಧಿನಿಯಮ ಹಾಗೂ 1992ರ ನಿಯಮಗಳು ನಿಯಂತ್ರಿಸುತ್ತವೆ. ಇದರ ಹಂತಗಳು ಹೀಗಿವೆ:

• ಅರ್ಜಿ: ಅರ್ಜಿದಾರರು ನಾಡಕಚೇರಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಸ್ಥಳ ವಿಚಾರಣೆ ನಡೆಸಿ ವರದಿ ನೀಡುತ್ತಾರೆ.
• ಪ್ರಮಾಣಪತ್ರ: 4-ಎ ಪ್ರಕರಣದಡಿ ತಹಶೀಲ್ದಾರರು ಪ್ರಮಾಣಪತ್ರ ನೀಡುತ್ತಾರೆ ಅಥವಾ ಕಾರಣ ತಿಳಿಸಿ ನಿರಾಕರಿಸುತ್ತಾರೆ.
• ಮೇಲ್ಮನವಿ: ತಹಶೀಲ್ದಾರರ ಆದೇಶದಿಂದ ಬಾಧಿತರಾದವರು 4-ಬಿ ಪ್ರಕರಣದಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.
• ಸಿಂಧುತ್ವ: ನೇಮಕಾತಿ ಅಥವಾ ಪ್ರವೇಶದ ಹಂತದಲ್ಲಿ 4-ಸಿ ಪ್ರಕರಣದಡಿಯ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯು ಪ್ರಮಾಣಪತ್ರವನ್ನು ಪರೀಕ್ಷಿಸಿ ಸಿಂಧುತ್ವ ಪ್ರಮಾಣಪತ್ರ ನೀಡುತ್ತದೆ. ಜಿಲ್ಲಾಧಿಕಾರಿಯು ಸಮಿತಿಯ ಅಧ್ಯಕ್ಷರಾಗಿರುತ್ತಾರೆ.
• ತನಿಖೆ: ಸುಳ್ಳು ಪ್ರಮಾಣಪತ್ರದ ದೂರುಗಳನ್ನು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಪೊಲೀಸ್ ಅಧಿಕಾರಿಗಳು ತನಿಖೆ ಮಾಡಿ ಸಮಿತಿಗೆ ವರದಿ ಸಲ್ಲಿಸುತ್ತಾರೆ.

ಪುರಾವೆಗಳ ತೂಕ

ಸಂವಿಧಾನ ಜಾರಿಗೆ ಬರುವ ಮೊದಲಿನ ದಾಖಲೆಗಳಿಗೆ ಹೆಚ್ಚಿನ ಮೌಲ್ಯವಿದೆ. ಮೀಸಲಾತಿಯ ಲಾಭವೇ ಇಲ್ಲದಿದ್ದ ಕಾಲದಲ್ಲಿ ಸುಳ್ಳು ಬರೆಯಿಸಲು ಕಾರಣವಿರಲಿಲ್ಲ ಎಂಬುದು ಇದರ ತರ್ಕ. ತಂದೆ ಮತ್ತು ಅಜ್ಜನ ಶಾಲಾ ದಾಖಲಾತಿ ಪುಸ್ತಕ, ಜನನ-ಮರಣ ನೋಂದಣಿ, ಭೂ ದಾಖಲೆ, ತಂದೆಯ ಕಡೆಯ ಬಂಧುಗಳ ಸಿಂಧುತ್ವ ಪ್ರಮಾಣಪತ್ರ ಹಾಗೂ ವಂಶವೃಕ್ಷವನ್ನು ಪರಿಶೀಲಿಸಲಾಗುತ್ತದೆ. ಜಾತಿ ಸಂಘ ನೀಡಿದ ಪತ್ರಕ್ಕೆ ಶಾಸನಬದ್ಧ ಪ್ರಮಾಣಪತ್ರದ ಸ್ಥಾನವಿಲ್ಲ. ಹಳೆಯ ದಾಖಲೆಯಲ್ಲಿ ತಿದ್ದುಪಡಿ, ಬೇರೆ ಶಾಯಿಯ ಬರಹ ಅಥವಾ ಒಡಹುಟ್ಟಿದವರ ದಾಖಲೆಗಳಲ್ಲಿ ಬೇರೆ ಬೇರೆ ಜಾತಿ ಕಂಡುಬಂದರೆ ಸಂಶಯ ಬಲಗೊಳ್ಳುತ್ತದೆ.

ವಿವಾಹ ಮತ್ತು ವಲಸೆ

ಮದುವೆಯಿಂದ ಮೀಸಲಾತಿಯ ಹಕ್ಕು ಬರುವುದಿಲ್ಲವೆಂದು 1996ರ ವಲ್ಸಮ್ಮ ಪೌಲ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಂತರ್ಜಾತಿ ದಂಪತಿಗಳ ಮಕ್ಕಳು ತಂದೆಯ ಜಾತಿಯವರೆಂಬ ಊಹೆಯಿದ್ದರೂ ತಾಯಿಯ ಸಮುದಾಯದಲ್ಲಿಯೇ ಬೆಳೆದು ಅದೇ ಅನನುಕೂಲಗಳನ್ನು ಅನುಭವಿಸಿದ್ದರೆ ಆ ಊಹೆಯನ್ನು ಅಲ್ಲಗಳೆಯಬಹುದೆಂದು 2012ರ ರಮೇಶಭಾಯ್ ನಾಯಕ ಪ್ರಕರಣ ಹೇಳುತ್ತದೆ. ಪಟ್ಟಿಗಳು ರಾಜ್ಯವಾರು ಇರುವುದರಿಂದ ಒಂದು ರಾಜ್ಯದ ಪಂಗಡದವರು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿ ಅದೇ ಸ್ಥಾನಮಾನ ತಾನಾಗಿ ದೊರೆಯದು.

ರಾಮನಗರ ಜಿಲ್ಲೆಯ ಇರುಳಿಗರು

ರಾಮನಗರ ಜಿಲ್ಲೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳೊಂದಿಗೆ ರಚನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಇಲ್ಲಿನ ಬೆಟ್ಟಗುಡ್ಡ ಮತ್ತು ಕಾಡಂಚಿನಲ್ಲಿ ವಾಸಿಸುವ ಇರುಳಿಗರು ಈ ಭಾಗದ ಮೂಲ ಬುಡಕಟ್ಟು ಜನರು. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ಇರುಳರ್' ಮತ್ತು 'ಇರುಳಿಗ' ಎಂಬ ಎರಡು ಪ್ರತ್ಯೇಕ ನಮೂದುಗಳಿವೆ. ಜೇನು ಹಾಗೂ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ, ಬಿದಿರಿನ ಕೆಲಸ ಅವರ ಹಿಂದಿನ ಜೀವನೋಪಾಯ. ಇಂದು ಬಹುಪಾಲು ಕುಟುಂಬಗಳು ಕೃಷಿ ಕೂಲಿ ಹಾಗೂ ಇತರ ದಿನಗೂಲಿಯನ್ನು ನೆಚ್ಚಿಕೊಂಡಿವೆ.

ಇಂತಹ ಸಮುದಾಯಕ್ಕೆ ಪರಿಶೀಲನೆಯ ನಿಯಮಗಳು ತಲೆಕೆಳಗಾಗಿ ತಟ್ಟುತ್ತವೆ. ಅಜ್ಜ ಶಾಲೆಗೆ ಹೋಗಿಲ್ಲದಿದ್ದರೆ ಶಾಲಾ ದಾಖಲೆ ಇರದು. ಜಮೀನಿಲ್ಲದಿದ್ದರೆ ಪಹಣಿ ಇರದು. ಹೆರಿಗೆ ಹಾಡಿಯಲ್ಲೇ ಆಗಿದ್ದರೆ ಜನನ ನೋಂದಣಿ ಇರದು. ಶಾಲೆಗೆ ಸೇರಿದ ಮೊದಲ ತಲೆಮಾರಿನ ಮಗುವಿನ ಜಾತಿಯನ್ನು ಶಿಕ್ಷಕರು ತಮಗೆ ಕೇಳಿಸಿದಂತೆ ಬರೆದಿದ್ದರೆ, ಒಂದಕ್ಷರದ ವ್ಯತ್ಯಾಸವೂ ಮುಂದೆ ಆಕ್ಷೇಪಣೆಗೆ ಎಡೆಮಾಡುತ್ತದೆ. ಸುಳ್ಳು ದಾಖಲೆ ಸೃಷ್ಟಿಸಬಲ್ಲವರಿಗೆ ಕಡತ ಸಂಪೂರ್ಣವಾಗಿರುತ್ತದೆ. ನಿಜವಾದ ಹಕ್ಕುದಾರರ ಕಡತ ಖಾಲಿಯಿರುತ್ತದೆ.

ಅರಣ್ಯ ಹಕ್ಕುಗಳೊಂದಿಗೆ ಸಂಬಂಧ

2006ರ ಅರಣ್ಯ ಹಕ್ಕುಗಳ ಕಾಯ್ದೆಯಡಿ ಪಂಗಡದ ಗುರುತಿಗೆ ನೇರ ಪರಿಣಾಮವಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯ ಭೂಮಿಯಲ್ಲಿ ವಾಸವಾಗಿ ಅದನ್ನು ಅವಲಂಬಿಸಿದ್ದನ್ನು ಪರಿಶಿಷ್ಟ ಪಂಗಡದವರು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹೀಗಾಗಿ ಜಾತಿ ಪ್ರಮಾಣಪತ್ರ ದೊರೆಯದ ಇರುಳಿಗ ಕುಟುಂಬವು ತಾನು ತಲೆತಲಾಂತರದಿಂದ ಇದ್ದ ನೆಲದಲ್ಲಿಯೇ ಮುಕ್ಕಾಲು ಶತಮಾನದ ಸಾಕ್ಷ್ಯ ಹುಡುಕಬೇಕಾದ ಸ್ಥಿತಿಗೆ ಬರಬಹುದು. ಈ ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆ, ಸ್ಮಶಾನ, ಪವಿತ್ರ ತಾಣ ಮತ್ತು ಹಳೆಯ ಬಾವಿಗಳಂತಹ ಕುರುಹುಗಳನ್ನೂ ಪುರಾವೆಯಾಗಿ ಒಪ್ಪುತ್ತವೆ. ಕಾಗದವಿಲ್ಲದ ಸಮುದಾಯಗಳಿಗೆ ಇದು ಮುಖ್ಯವಾದ ಅವಕಾಶ.

ನಾಯಕತ್ವ ಮತ್ತು ಪ್ರಾತಿನಿಧ್ಯ

ಸಂಶಯಾಸ್ಪದ ಗುರುತು ಉದ್ಯೋಗಕ್ಕಷ್ಟೇ ಸೀಮಿತವಲ್ಲ. ಮೀಸಲು ಸ್ಥಾನದಿಂದ ಆಯ್ಕೆಯಾದವರು ಆ ಸಮುದಾಯಗಳ ಪರವಾಗಿ ಮಾತನಾಡುವ ಸ್ಥಾನವನ್ನೂ ಪಡೆಯುತ್ತಾರೆ. ಶಾಸಕ ಅಥವಾ ಸಂಸದರ ಜಾತಿಯನ್ನು ಪ್ರಶ್ನಿಸುವವರು 1951ರ ಪ್ರಜಾಪ್ರತಿನಿಧಿ ಕಾಯ್ದೆಯಡಿ ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. ಕೋಲಾರ ಜಿಲ್ಲೆಯ ಮುಳಬಾಗಿಲು ಮೀಸಲು ಕ್ಷೇತ್ರದಿಂದ 2013ರಲ್ಲಿ ಆಯ್ಕೆಯಾದ ಶಾಸಕರು ಬುಡ್ಗ ಜಂಗಮ ಜಾತಿಯವರಲ್ಲವೆಂದು ಕರ್ನಾಟಕ ಹೈಕೋರ್ಟ್ 2018ರಲ್ಲಿ ತೀರ್ಪು ನೀಡಿ ಆಯ್ಕೆಯನ್ನು ಅಸಿಂಧುಗೊಳಿಸಿತು. ತೀರ್ಪು ಬಂದಾಗ ಐದು ವರ್ಷಗಳ ಅವಧಿ ಬಹುತೇಕ ಮುಗಿದಿತ್ತು.

ಅರಣ್ಯ ಹಕ್ಕು ಸಮಿತಿಗಳಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. 2012ರ ತಿದ್ದುಪಡಿಯ ನಂತರ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮೂರನೆಯ ಎರಡು ಭಾಗ ಪರಿಶಿಷ್ಟ ಪಂಗಡದವರಿರಬೇಕು. ಬುಡಕಟ್ಟಿನ ಯಜಮಾನರ ಮಾತಿಗೆ ಸಮುದಾಯದೊಳಗೆ ಮನ್ನಣೆಯಿದ್ದರೂ, ಯಾರು ತಮ್ಮವರು ಎಂದು ಪ್ರಮಾಣೀಕರಿಸುವ ಕಾನೂನು ಅಧಿಕಾರ ಅವರಿಗಿಲ್ಲ. ಸ್ಥಳ ತನಿಖೆಯಲ್ಲಿ ಅವರು ಸಾಕ್ಷಿಗಳಾಗಿ ಮಾತ್ರ ಹೇಳಿಕೆ ನೀಡಬಹುದು.

ಟೀಕೆಗಳು

ಪರಿಶೀಲನಾ ವ್ಯವಸ್ಥೆಯ ಬಗ್ಗೆ ಎರಡು ದಿಕ್ಕಿನ ಟೀಕೆಗಳಿವೆ. ವಿಚಾರಣೆ ವರ್ಷಗಟ್ಟಲೆ ನಡೆಯುವುದರಿಂದ ಸುಳ್ಳು ಪ್ರಮಾಣಪತ್ರ ಹೊಂದಿದವರು ಪದವಿ, ಬಡ್ತಿ ಅಥವಾ ಅಧಿಕಾರಾವಧಿಯನ್ನು ಪೂರೈಸಿಬಿಡುತ್ತಾರೆ, ಸುಳ್ಳು ವರದಿ ನೀಡಿದ ಅಧಿಕಾರಿಗಳು ಹೊಣೆಯಾಗುವುದು ವಿರಳ ಎಂಬುದು ಮೊದಲನೆಯದು. ಸಂಶಯದ ವಾತಾವರಣದಲ್ಲಿ ಅಧಿಕಾರಿಗಳು ನಿಜವಾದ ಅರ್ಜಿದಾರರನ್ನೂ ಅಲೆದಾಡಿಸುತ್ತಾರೆ, ಉಡುಪು, ಮಾತು ಅಥವಾ ಮೈಬಣ್ಣ ನೋಡಿ ತೀರ್ಮಾನಿಸುತ್ತಾರೆ ಎಂಬುದು ಎರಡನೆಯದು. ವೈಯಕ್ತಿಕ ದ್ವೇಷದಿಂದ ದೂರು ನೀಡುವ ಸಾಧ್ಯತೆಯೂ ಇರುವುದರಿಂದ, ಸಮಿತಿಯು ನೋಟಿಸು ನೀಡಿ ವಿವರಣೆ ಕೇಳಿದ ಮೇಲೆಯೇ ಪ್ರಮಾಣಪತ್ರ ರದ್ದುಪಡಿಸಬೇಕೆಂದು ಮಾಧುರಿ ಪಾಟೀಲ್ ನಿರ್ದೇಶನಗಳು ಹೇಳುತ್ತವೆ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಚೆರೋಕೀ ಮೂಲದ ಹಕ್ಕೊತ್ತಾಯಗಳು ಇಂತಹುದೇ ವಿವಾದಕ್ಕೆ ಒಳಗಾಗಿವೆ. ಅಲ್ಲಿ ಒಕ್ಕೂಟ ಸರ್ಕಾರದ ಮಾನ್ಯತೆ ಪಡೆದ ಚೆರೋಕೀ ಬುಡಕಟ್ಟುಗಳು ಮೂರು: ಒಕ್ಲಹೋಮಾದ ಚೆರೋಕೀ ನೇಷನ್ ಮತ್ತು ಯುನೈಟೆಡ್ ಕಿಟೂವಾ ಬ್ಯಾಂಡ್ ಹಾಗೂ ಉತ್ತರ ಕ್ಯಾರೊಲಿನಾದ ಈಸ್ಟರ್ನ್ ಬ್ಯಾಂಡ್. ಚೆರೋಕೀ ನೇಷನ್‌ನ ಪೌರತ್ವಕ್ಕೆ 20ನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡ ಡಾಸ್ ಪಟ್ಟಿಯಲ್ಲಿ ಪೂರ್ವಜರ ಹೆಸರಿರಬೇಕು. ಈಸ್ಟರ್ನ್ ಬ್ಯಾಂಡ್ 1924ರ ಬೇಕರ್ ಪಟ್ಟಿಯನ್ನು ಆಧರಿಸುತ್ತದೆ. ಇವುಗಳ ಹೊರಗೆ ತಾವೇ ಚೆರೋಕೀ ಬುಡಕಟ್ಟು, ತಮ್ಮವರೇ ಅದರ ಮುಖ್ಯಸ್ಥರು ಎಂದು ಹೇಳಿಕೊಳ್ಳುವ ಅನೇಕ ಗುಂಪುಗಳಿವೆ. 2008ರಲ್ಲಿ ಚೆರೋಕೀ ನೇಷನ್ ಮತ್ತು ಈಸ್ಟರ್ನ್ ಬ್ಯಾಂಡ್ ಜಂಟಿ ನಿರ್ಣಯದ ಮೂಲಕ ಅಂತಹ ಕೃತಕ ಬುಡಕಟ್ಟುಗಳನ್ನು ವಿರೋಧಿಸಿದವು. ಡಿಎನ್‌ಎ ಪರೀಕ್ಷೆಯಿಂದ ಬುಡಕಟ್ಟಿನ ಪೌರತ್ವ ನಿರ್ಧಾರವಾಗದು ಎಂದು ಚೆರೋಕೀ ನೇಷನ್ 2018ರಲ್ಲಿ ಸ್ಪಷ್ಟಪಡಿಸಿತು.

ಎರಡು ವ್ಯವಸ್ಥೆಗಳ ನಡುವಿನ ಮುಖ್ಯ ವ್ಯತ್ಯಾಸ ನಿರ್ಧರಿಸುವವರು ಯಾರೆಂಬುದರಲ್ಲಿದೆ. ಚೆರೋಕೀಗಳಲ್ಲಿ ಸದಸ್ಯತ್ವವನ್ನು ಬುಡಕಟ್ಟಿನ ಸರ್ಕಾರವೇ ನಿರ್ಧರಿಸುತ್ತದೆ. ಭಾರತದಲ್ಲಿ ಪಟ್ಟಿಯನ್ನು ಸಂಸತ್ತು, ವ್ಯಕ್ತಿಯ ಗುರುತನ್ನು ಕಂದಾಯ ಅಧಿಕಾರಿಗಳು ನಿರ್ಧರಿಸುತ್ತಾರೆ. ಅಲ್ಲಿ ಒಂದು ಶತಮಾನದ ಹಿಂದಿನ ಹೆಸರುಪಟ್ಟಿ ಆಧಾರವಾಗಿದೆ. ಇಲ್ಲಿ ಸಮುದಾಯಗಳ ಹೆಸರುಪಟ್ಟಿ ಇದೆಯೇ ಹೊರತು ವ್ಯಕ್ತಿಗಳ ಮೂಲಪಟ್ಟಿ ಇಲ್ಲ. ಆದ್ದರಿಂದ ಪ್ರತಿ ಕುಟುಂಬವೂ ತನ್ನ ಮೂಲವನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಾಗುತ್ತದೆ.

ಇವನ್ನೂ ನೋಡಿ

• ಇರುಳಿಗ
• ಪರಿಶಿಷ್ಟ ಪಂಗಡಗಳು
• ಭಾರತದಲ್ಲಿ ಮೀಸಲಾತಿ
• ಅರಣ್ಯ ಹಕ್ಕುಗಳ ಕಾಯ್ದೆ, 2006
• ರಾಮನಗರ ಜಿಲ್ಲೆ